ಮೂಳೆ ತೊಳೆಯುವ ಸೆವಸ್ತಿ

ನಮ್ಮ ದ್ವೀಪದಲ್ಲಿ ಸತ್ತವರಿಗೂ ಬಾಡಿಗೆ ಮನೆಯೇ ಗತಿ. ಮೂರು ವರ್ಷ ಮಣ್ಣಿನೊಳಗೆ ಮಲಗಬಹುದು, ಆಮೇಲೆ ಎದ್ದು ಮುಂದಿನವರಿಗೆ ಜಾಗ ಬಿಡಬೇಕು. ಊರೆಲ್ಲ ಬಂಡೆ. ಗುದ್ದಲಿ ಇಳಿಯುವಷ್ಟು ಮಣ್ಣಿರುವುದು ಕೋಟೆಯ ಕೆಳಗಿನ ಒಂದು ಇಳಿಜಾರಿನಲ್ಲಿ ಮಾತ್ರ. ಅವಧಿ ಮುಗಿದ ಮೇಲೆ ಮನೆಯವರು ನಿಂತು ಗುಂಡಿ ತೆರೆಸುತ್ತಾರೆ. ಮೂಳೆಗಳನ್ನು ಮೇಲೆತ್ತಿ, ಕೆಂಪು ವೈನಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಹೆಸರು ಬರೆದ ತಗಡಿನ ಪೆಟ್ಟಿಗೆಯಲ್ಲಿಟ್ಟು ಮೂಳೆಮನೆಯ ಕಪಾಟಿಗೆ ಸೇರಿಸುತ್ತಾರೆ. ಅಗೆದು ತೊಳೆಯುವ ಆ ಕೆಲಸ ಸೆವಸ್ತಿಯದು. ಅತ್ತೆಯಿಂದ ಅವಳಿಗೆ ಬಂದದ್ದು, ಅವಳಿಂದ ಈಗ ನನಗೆ ಬಂದಿದೆ.

ನಾನು ಈ ಊರಿನ ಪಾದ್ರಿಯ ಹೆಂಡತಿ. ನನಗೆ ಕಲ್ಲಿಯೋಪಿ ಎಂಬ ಹೆಸರಿದೆ ಎನ್ನುವುದು ನನ್ನ ಗಂಡನಿಗೂ ಮರೆತುಹೋಗಿದೆ; ಎಲ್ಲರ ಬಾಯಲ್ಲೂ ಪಾದ್ರಿಯಮ್ಮ. ಸೆವಸ್ತಿ ನನಗಿಂತ ತುಂಬ ದೊಡ್ಡವಳು, ಆದರೂ ಅವಳೂ ಹಾಗೇ ಕರೆಯುತ್ತಿದ್ದಳು. ಕುಳ್ಳಿ, ಅಗಲ ಅಂಗೈ, ವರ್ಷವಿಡೀ ಕಪ್ಪು ಬಟ್ಟೆ. ಮಾತಿಗೆ ನಿಂತರೆ ಎದುರಿನವರ ಚರ್ಮ ಸುಲಿಯುತ್ತಿದ್ದಳು. ಮೂಳೆಯ ಹತ್ತಿರ ಮಾತ್ರ ಬಾಣಂತಿ ಮಗುವಿಗೆ ಎರೆಯುವ ಹಾಗೆ ಮೆತ್ತಗಿರುತ್ತಿದ್ದಳು. "ಇವನ ಭುಜ ನೋಡು, ಸಾಯೋ ತನಕ ಮೂಟೆ ಹೊತ್ತಿದ್ದಾನೆ. ಇವಳ ಹಲ್ಲು ನೋಡು, ಗಂಡನ ಮುಂದೆ ಕಚ್ಚಿಕೊಂಡೇ ಬದುಕಿದಳು" ಎಂದು ಒಬ್ಬೊಬ್ಬರ ಸುದ್ದಿ ಹೇಳುತ್ತಾ ತೊಳೆಯುವಳು.

ಊರಿಗೆ ಬೇಕಾದದ್ದು ಆ ಸುದ್ದಿಯಲ್ಲ. ಊರು ನೋಡುವುದು ಬಣ್ಣ. ಮೂಳೆ ಮೇಣದ ಹಾಗೆ ಹಳದಿಯಾಗಿ ಬಂದರೆ ಸತ್ತವನ ಮೇಲೆ ಯಾವ ಪಾಪವೂ ಉಳಿದಿಲ್ಲ. ಕಪ್ಪಾಗಿ ಬಂದರೆ ಏನೋ ಬಾಕಿಯಿದೆ. ಇನ್ನು ಹೆಣ ಮಣ್ಣಾಗದೆ ಹಾಗೇ ಸಿಕ್ಕಿತೆಂದರೆ ಯಾರದೋ ಶಾಪ ತಟ್ಟಿದೆ, ಭೂಮಿ ಬೇಡವೆಂದಿದೆ ಎಂದೇ ಅರ್ಥ. ಆ ಮನೆಯ ಹುಡುಗಿಗೆ ಗಂಡು ಸಿಗುವುದಿಲ್ಲ.

ಸೆವಸ್ತಿಗೆ ಇದನ್ನು ಕೇಳಿದರೆ ಉರಿಯುತ್ತಿತ್ತು. "ಮಣ್ಣಿಗೇನು ಬಾಯಿದೆಯಾ? ನೈಲಾನ್ ಉಡಿಸಿ ಕಳಿಸಿದರೆ ಸಂತನೂ ಕರಗಲ್ಲ" ಎಂದು ಪ್ರತಿಯೊಂದು ಸಾವಿನ ಮನೆಗೂ ಹೋಗಿ ಕೂಗಾಡುವಳು. "ಹತ್ತಿ ಬಟ್ಟೆ ಉಡಿಸಿ! ಆ ಮಿರಮಿರ ಶರ್ಟು ತೆಗೀರಿ, ಮದುವೆಗೆ ಹೊರಟಿದ್ದಾನಾ ಅವನು?" ಜನ ಅವಳೆದುರು ಬಟ್ಟೆ ಬದಲಾಯಿಸುತ್ತಿದ್ದರು. ನಂಬಿಕೆಯನ್ನು ಬದಲಾಯಿಸುತ್ತಿರಲಿಲ್ಲ.

ಬೇಸಿಗೆಯಲ್ಲಿ ಅವಳಿಗೆ ಇನ್ನೊಂದು ಕೆಲಸ. ಕೋಟೆಯ ಪುಟ್ಟ ದೇಗುಲದ ಬೀಗದ ಕೈ ಅವಳ ಲಂಗದ ಜೇಬಿನಲ್ಲಿರುತ್ತಿತ್ತು. ರಜೆಗೆ ಬಂದವರು ಟೋಪಿ, ನೀರಿನ ಬಾಟಲಿ ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರೆ ಬಾಗಿಲು ತೆಗೆದು ಗೋಡೆಯ ಮೇಲಿನ ಸಂತರನ್ನು ತೋರಿಸುವಳು. ಸಂತರಿಗೆಲ್ಲ ಕಣ್ಣಿಲ್ಲ, ಯಾರೋ ಕೆರೆದು ತೆಗೆದಿದ್ದಾರೆ. ಕಡಲ್ಗಳ್ಳರು ಕಿತ್ತರು ಎಂದು ಬಂದವರ ಕೈಯ ಪ್ರವಾಸಿ ಪುಸ್ತಕದಲ್ಲಿದೆ. "ಕಡಲ್ಗಳ್ಳರಿಗೆ ಬೇರೆ ಕೆಲಸ ಇರಲಿಲ್ವಾ? ಕೆರೆದದ್ದು ನಮ್ಮಜ್ಜಿಯರು. ಕಣ್ಣುನೋವು ಬಂದರೆ ಸಂತನ ಕಣ್ಣಿನ ಸುಣ್ಣ ಕೆರೆದು ನೀರಲ್ಲಿ ಕಲಸಿ ಹಚ್ಚಿಕೊಳ್ಳುತ್ತಿದ್ದರು" ಎನ್ನುವಳು ಸೆವಸ್ತಿ. ಅವರು ತಲೆಯಾಡಿಸಿ ಕಡಲ್ಗಳ್ಳರನ್ನೇ ಬರೆದುಕೊಂಡು ಹೋಗುವರು.

ಅವಳ ಗಂಡ ಸಾವ್ವಾಸ್ ಕಡಲಿನ ತಳದಿಂದ ಸ್ಪಂಜು ಕಿತ್ತು ತರುತ್ತಿದ್ದವನು. ಆಳದಿಂದ ಒಮ್ಮೆ ಬೇಗ ಮೇಲೆ ಬಂದು ಕಾಲುಗಳ ಶಕ್ತಿ ಕಳೆದುಕೊಂಡ. ಹಾಸಿಗೆ ಹಿಡಿದು ಬಹಳ ವರ್ಷ ನರಳಿ ಸತ್ತ. ಅವನ ಮೂಳೆಯನ್ನೂ ಅವಳೇ ತೊಳೆದು ಪೆಟ್ಟಿಗೆಗೆ ಹಾಕಿದ್ದಳು. ಉಳಿದವನು ಒಬ್ಬನೇ ಮಗ, ಥೆಮೆಲಿಸ್.

ಥೆಮೆಲಿಸ್ ಕ್ಲಿಯಾಂಥಿಸನ ಬೋಟು ನಡೆಸುತ್ತಿದ್ದ. ಊರಿನ ಬಂದರಿನಲ್ಲಿ ಕಾಣುವ ಬಿಳಿ ಬೋಟುಗಳೆಲ್ಲ ಕ್ಲಿಯಾಂಥಿಸನವು, ಟಿಕೆಟ್ ಅಂಗಡಿ ಅವನದು, ಎದುರಿನ ಕಾಫಿ ಅಂಗಡಿ ಅವನ ತಮ್ಮನದು. ಬಂದವರನ್ನು ಮುಳುಗಿದ ಹಳೆಯ ಬಂದರಿನ ಮೇಲೆ ಕರೆದೊಯ್ದು, ನೀರಿನಡಿಯ ಗೋಡೆಗಳನ್ನು ತೋರಿಸಿ, ಉತ್ತರ ತುದಿಯ ನೀಲಿ ಗುಹೆಯೊಳಗೆ ಒಂದು ಸುತ್ತು ಹೊಡೆಸಿ ವಾಪಸು ತರುವುದು ಥೆಮೆಲಿಸನ ಕೆಲಸ. ಚರಿತ್ರೆ ಹೇಳುವುದೂ ಅವನೇ. ಅವನ ಚರಿತ್ರೆಯಲ್ಲಿ ಒಬ್ಬ ರಾಜಕುಮಾರಿ ಕಡ್ಡಾಯ. "ನಿನ್ನೆ ಹೇಳಿದಾಗ ಅವಳು ಗುಹೆಯಲ್ಲಿ ಸತ್ತಿದ್ದಳಲ್ಲೋ, ಇವತ್ತು ಮದುವೆ ಮಾಡಿಸಿಬಿಟ್ಟೆಯಾ?" ಎಂದು ನಾನು ಕೆಣಕಿದರೆ, "ಇವತ್ತು ಬೋಟಲ್ಲಿ ಹೊಸ ಜೋಡಿ ಇತ್ತು ಚಿಕ್ಕಮ್ಮ, ಸಾಯಿಸೋಕೆ ಮನಸ್ಸು ಬರಲಿಲ್ಲ" ಎನ್ನುತ್ತಿದ್ದ. ನನ್ನ ಅಡುಗೆಮನೆಗೆ ನುಗ್ಗಿ ಕರಿದ ಮೀನನ್ನು ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಂಡು ಓಡುವ ಹುಡುಗ. ಮೂವತ್ತು ದಾಟಿದ್ದರೂ ನನಗೆ ಅವನು ಹುಡುಗನೇ.

ಆ ವರ್ಷ ನಮ್ಮ ಮೇಲಿನ ಕೋಣೆಗೆ ಡೆನ್ಮಾರ್ಕಿನಿಂದ ಒಂದು ವಯಸ್ಸಾದ ಜೋಡಿ ಬಂದಿತ್ತು, ಆಸ್ಗರ್ ಮತ್ತು ಇಂಗರ್. ಇಬ್ಬರೂ ನಿವೃತ್ತ ಮೇಷ್ಟ್ರುಗಳು. ಆಸ್ಗರ್ ಬೆಳಿಗ್ಗೆ ಎದ್ದು ಕೋಟೆಯ ಕಲ್ಲುಗಳ ಚಿತ್ರ ಬರೆಯುವನು, ಅವಳು ನನ್ನ ಹತ್ತಿರ ಕುಳಿತು ನಮ್ಮ ಭಾಷೆಯನ್ನು ತುಂಡು ತುಂಡಾಗಿ ಮಾತಾಡುವಳು. ಸಂಜೆ ಚಿತ್ರ ಬಿಡಿಸಿಟ್ಟು ತೋರಿಸುವರು. ಬಾಡಿಗೆಗೆ ಬಂದವರ ಮೇಲೆ ಪ್ರೀತಿ ಬೆಳೆಸಿಕೊಳ್ಳಬಾರದು ಎಂದು ನಾನು ಬೇಕಾದಷ್ಟು ಸಲ ಹೇಳಿಕೊಂಡಿದ್ದೇನೆ, ಆದರೂ ಅವರ ಮೇಲೆ ಬೆಳೆದಿತ್ತು. ನೀಲಿ ಗುಹೆಯೊಂದನ್ನು ಅವರು ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದರು.

ಅದರ ಹಿಂದಿನ ದಿನ ಮರಿಯಮ್ಮನವರ ಹಬ್ಬ. ಚೌಕದಲ್ಲಿ ಪಿಟೀಲು ಬಾರಿಸಿದರು, ಕುರಿಮಾಂಸ ಬೇಯಿಸಿದರು, ಊರಿಗೆ ಊರೇ ಕುಣಿಯಿತು. ಥೆಮೆಲಿಸ್ ಕೈಯಲ್ಲಿ ಗ್ಲಾಸು ಹಿಡಿದು ಮುಂದಿನ ಸಾಲಿನಲ್ಲಿ ಕುಣಿದ. ಅವನು ಗ್ಲಾಸು ಹಿಡಿದದ್ದನ್ನು ಎಲ್ಲರೂ ನೋಡಿದ್ದರು. ಅದರಲ್ಲಿ ಏನಿತ್ತೆಂದು ಯಾರೂ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಮುಂಚೆಯೇ ಬಡಗಣ ಗಾಳಿ ಎದ್ದಿತು. ಬೇಸಿಗೆಯ ಆ ಗಾಳಿಗೆ ನಮ್ಮ ಮೀನುಗಾರರು ದೋಣಿಯನ್ನು ದಡಕ್ಕೆ ಎಳೆದುಕೊಂಡು ಇಸ್ಪೀಟು ಆಡುತ್ತಾ ಕೂರುತ್ತಾರೆ. ಥೆಮೆಲಿಸನ ಬೋಟು ಮಾತ್ರ ಗುಹೆಗೆ ಹೋಗಿತ್ತು, ಅದರಲ್ಲಿದ್ದವರು ಅವನು, ಆಸ್ಗರ್, ಇಂಗರ್. ಗುಹೆಯ ಬಾಯಲ್ಲಿ ಅಲೆ ಅದನ್ನು ಬಂಡೆಗೆ ಅಪ್ಪಳಿಸಿತು. ಸಂಜೆ ಇಂಗರ್ ಲೈಫ್ ಜಾಕೆಟ್ ತೊಟ್ಟು ತೇಲುತ್ತಾ ಸಿಕ್ಕಳು, ಪ್ರಜ್ಞೆ ಇರಲಿಲ್ಲ. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಆಸ್ಗರನ ಹೆಣ ಮರುದಿನ ಸಿಕ್ಕಿತು. ಥೆಮೆಲಿಸನನ್ನು ಕಡಲು ಕೆಲವು ದಿನ ಇಟ್ಟುಕೊಂಡು ಕೊಟ್ಟಿತು.

ಅಷ್ಟರೊಳಗೆ ಕ್ಲಿಯಾಂಥಿಸ್ ಕಾಫಿ ಅಂಗಡಿಯಲ್ಲಿ ಕುಳಿತು ಎಲ್ಲರಿಗೂ ಹೇಳಿ ಮುಗಿಸಿದ್ದ. "ಏನು ಹೇಳಲಿ ಹೇಳಿ. ನನ್ನ ಮಗನ ಥರಾ ನೋಡಿಕೊಂಡಿದ್ದೆ. ರಾತ್ರಿಯೆಲ್ಲ ಕುಡಿದಿದ್ದಾನೆ, ಬೆಳಿಗ್ಗೆ ನನಗೊಂದು ಮಾತು ಹೇಳದೆ ಬೋಟು ಬಿಚ್ಚಿಕೊಂಡು ಹೋಗಿದ್ದಾನೆ. ನೀವೇ ನೋಡಿದಿರಲ್ಲ, ಗ್ಲಾಸು ಕೆಳಗಿಟ್ಟನಾ?"

ಊರು ನೋಡಿತ್ತು, ಆದ್ದರಿಂದ ಊರು ನಂಬಿತು. ನಾನು ಸುಳ್ಳು ಹೇಳುವುದಿಲ್ಲ, ನಂಬುವುದು ಎಲ್ಲರಿಗೂ ಅನುಕೂಲವೂ ಆಗಿತ್ತು. ತಪ್ಪು ಕ್ಲಿಯಾಂಥಿಸನದಾದರೆ ಬೋಟುಗಳು ನಿಲ್ಲುತ್ತವೆ. ಬೋಟು ನಿಂತರೆ ಬಾಡಿಗೆ ಕೋಣೆ ಖಾಲಿ, ಹೋಟೆಲಿನ ಒಲೆ ಆರುತ್ತದೆ. ಸತ್ತ ಹುಡುಗನದಾದರೆ ಯಾರ ಒಲೆಯೂ ಆರುವುದಿಲ್ಲ, ಅವನ ತಾಯಿಯದನ್ನು ಬಿಟ್ಟು.

ದೊಡ್ಡ ದ್ವೀಪದ ಆಸ್ಪತ್ರೆಯಿಂದ ಅವನನ್ನು ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸೀಲು ಮಾಡಿ ಕಳಿಸಿದ್ದರು. ಆಗಸ್ಟಿನ ಸೆಕೆ. ಶವಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿದಾಗ ಸೆವಸ್ತಿ ಒಂದು ಕೈಯಲ್ಲಿ ವೈನಿನ ಹೂಜಿ, ಇನ್ನೊಂದರಲ್ಲಿ ಹತ್ತಿಯ ಹಾಸು ಹಿಡಿದು ನಿಂತಿದ್ದಳು.

"ಚೀಲ ಬಿಚ್ಚಿ" ಎಂದಳು.

"ಬೇಡ ಸೆವಸ್ತಿ, ನೋಡೋ ಹಾಗಿಲ್ಲ" ಎಂದರು ನನ್ನ ಗಂಡ, ಪಾದ್ರಿ ಮಿರೋನಾಸ್.

"ನಾನು ನೋಡದೆ ಇರೋದು ಏನಿದೆ ಪಾದ್ರಿಗಳೇ? ಈ ಊರಿನ ತಲೆಬುರುಡೆ ಒಂದೊಂದೂ ನನಗೆ ಗೊತ್ತು. ನನ್ನ ಮಗನನ್ನು ಪ್ಲಾಸ್ಟಿಕ್‌ನಲ್ಲಿ ಹೂಳಬೇಡಿ. ಒಂದು ಗಳಿಗೆ ಸಾಕು, ಹತ್ತಿ ಸುತ್ತಿ ಕೊಟ್ಟುಬಿಡ್ತೀನಿ."

ಜನ ಮೂಗಿಗೆ ಕರವಸ್ತ್ರ ಒತ್ತಿ ನಿಂತಿದ್ದರು. ಯಾರಿಗೂ ನಿಲ್ಲುವ ಮನಸ್ಸಿರಲಿಲ್ಲ. ಕ್ಲಿಯಾಂಥಿಸನ ಕೆಲಸದಾಳುಗಳು ಹಗ್ಗ ಸಡಿಲಿಸಿಬಿಟ್ಟರು. ಪೆಟ್ಟಿಗೆ ಕೆಳಗೆ ಹೋಯಿತು. ಸೆವಸ್ತಿಯ ಕೈಯ ಹಾಸು ಮಡಿಕೆಯೂ ಬಿಚ್ಚದೆ ಹಾಗೇ ಉಳಿಯಿತು. ಹಿಂದಿನ ಸಾಲಿನಿಂದ ಯಾರೋ, "ಮೂರು ವರ್ಷ ಆಗಲಿ ಬಿಡಿ, ಅವನು ಎಂಥವನು ಅಂತ ಮಣ್ಣೇ ಹೇಳುತ್ತೆ" ಎಂದರು.

ಆ ಮಾತು ಊರಿನ ತೀರ್ಮಾನವೇ ಆಗಿಹೋಯಿತು. ಮುಂದಿನ ಮೂರು ವರ್ಷ ಅದೊಂದೇ ಮಾತು ಸೆವಸ್ತಿಯ ಬೆನ್ನು ಹತ್ತಿತು. ರೊಟ್ಟಿ ಅಂಗಡಿಯಲ್ಲಿ ಅವಳು ಬಂದರೆ ಸಾಲು ಸ್ವಲ್ಪ ಸರಿಯುತ್ತಿತ್ತು. ಮೂಳೆ ತೊಳೆಯಲು ಮಾತ್ರ ಕರೆಯುತ್ತಿದ್ದರು, ಬೇರೆ ಯಾರಿಗೂ ಆ ಕೆಲಸ ಬಾರದು. ಅವಳು ಬಂದು, ಅಗೆದು, ತೊಳೆದು, ಮಾತಾಡದೆ ಹೋಗುತ್ತಿದ್ದಳು. ಕೋಟೆಯಲ್ಲಿ ಸಂತರ ಕಣ್ಣಿನ ಬಗ್ಗೆ ಯಾರಾದರೂ ಕೇಳಿದರೆ "ಕಡಲ್ಗಳ್ಳರು" ಎಂದುಬಿಡುತ್ತಿದ್ದಳು.

ಮೂರನೆಯ ಬೇಸಿಗೆಯಲ್ಲಿ ಥೆಮೆಲಿಸನ ಅವಧಿ ಮುಗಿಯಿತು. ಗುಂಡಿ ತೆರೆಯುವ ದಿನ ಗೊತ್ತಾಯಿತು. ಅದಕ್ಕೆ ಒಂದು ದಿನ ಮುಂಚೆ, ಊರೆಲ್ಲ ಕಿಟಕಿ ಮುಚ್ಚಿಕೊಂಡು ನಿದ್ದೆ ಮಾಡುವ ನಡುಮಧ್ಯಾಹ್ನದಲ್ಲಿ, ಸೆವಸ್ತಿ ನನ್ನ ಹಿತ್ತಲ ಬಾಗಿಲು ತಟ್ಟಿದಳು.

"ಬಾ ಪಾದ್ರಿಯಮ್ಮ. ಒಂದು ಕೈ ಕೊಡು."

"ಏನಕ್ಕ, ಈ ಬಿಸಿಲಲ್ಲಿ?"

"ನಾಳೆ ಎಲ್ಲರ ಮುಂದೆ ನೋಡೋಕೆ ಮುಂಚೆ ನಾನೊಬ್ಬಳೇ ನೋಡಬೇಕು. ಕೈಯಲ್ಲಿ ಶಕ್ತಿ ಇಲ್ಲ, ಅದಕ್ಕೆ ನೀನು."

ಇಬ್ಬರೂ ಅಗೆದೆವು. ಮರದ ಪೆಟ್ಟಿಗೆ ಪೂರ್ತಿ ಹೋಗಿತ್ತು. ಚೀಲ ಹೋಗಿರಲಿಲ್ಲ. ಮಣ್ಣು ಸರಿಸಿದಾಗ ಬಿಸಿಲಿಗೆ ಹೊಸದರ ಹಾಗೆ ಮಿನುಗಿತು. ಸೆವಸ್ತಿ ಮಂಡಿಯೂರಿ ಅದರ ಮೇಲೆ ಅಂಗೈ ಇಟ್ಟು, ತಲೆಯಿಂದ ಪಾದದ ತನಕ ನಿಧಾನವಾಗಿ ಸವರಿದಳು. ಚೀಲ ಬಿಚ್ಚುವ ಅಗತ್ಯ ಅವಳಿಗಿರಲಿಲ್ಲ.

"ಹಾಗೇ ಇದ್ದಾನೆ," ಎಂದಳು. "ತೋಳು ತೋಳಿನ ಹಾಗೇ ಇದೆ. ಭುಜ ಭುಜದ ಹಾಗೇ ಇದೆ. ಅಯ್ಯೋ ನನ್ನ ಕಂದ, ನಿನ್ನನ್ನು ಮಣ್ಣಾಗೋಕೂ ಬಿಡಲಿಲ್ಲವಲ್ಲೋ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. "ಪ್ಲಾಸ್ಟಿಕ್‌ನಿಂದ ಹೀಗಾಯ್ತು ಅಂತ ನಾಳೆ ಹೇಳೋಣ ಅಕ್ಕ. ನಾನೂ ಹೇಳ್ತೀನಿ" ಎಂದೆ.

"ಯಾರು ಕೇಳ್ತಾರೆ? ಜೀವಮಾನವೆಲ್ಲ ನೈಲಾನ್ ನೈಲಾನ್ ಅಂತ ಬಡಿದುಕೊಂಡೆ, ಒಬ್ಬ ಕೇಳಿದನಾ? ಭೂಮಿಗೂ ಬೇಡವಾದ ಅಂತಾರೆ. ಅವನು ಕುಡುಕ, ಅವನು ಕೊಲೆಗಾರ ಅಂತ ಇವತ್ತಿನ ತನಕ ಬಾಯಲ್ಲಿ ಅಂದರು, ನಾಳೆಯಿಂದ ಕಣ್ಣಾರೆ ಕಂಡೆವು ಅಂತಾರೆ."

ಆಮೇಲೆ ಅವಳು ಎದ್ದು ಮೂಳೆಮನೆಗೆ ಹೋದಳು. ವಾಪಸು ಬರುವಾಗ ಗಂಡನ ತಗಡಿನ ಪೆಟ್ಟಿಗೆಯನ್ನು ಸೊಂಟದ ಮೇಲೆ ಕೊಡದ ಹಾಗೆ ಇಟ್ಟುಕೊಂಡು ಬಂದಳು. ನನಗೆ ಅರ್ಥವಾಗುವ ಹೊತ್ತಿಗೆ ಮುಚ್ಚಳ ತೆರೆದಿದ್ದಳು.

"ಅಕ್ಕ, ಬೇಡ. ಇದು ಮಹಾಪಾಪ."

"ಪಾಪ ಆದರೆ ನನಗಿರಲಿ. ನೀನು ಆ ಕಡೆ ತಿರುಗು." ಪೆಟ್ಟಿಗೆಯೊಳಗೆ ನೋಡಿ ಗಂಡನಿಗೆ ಹೇಳಿದಳು, "ಏಳಯ್ಯಾ ಸಾವ್ವಾಸ್. ಬದುಕಿರೋ ತನಕ ಊರಿನವರ ಸ್ಪಂಜಿಗೋಸ್ಕರ ಇಳಿದೆ. ಇವತ್ತೊಂದು ಸಲ ಮಗನಿಗೋಸ್ಕರ ಇಳಿ."

ಚೀಲದ ಮೇಲೆ ಮೊಳದಷ್ಟು ಮಣ್ಣು ಎಳೆದು ತುಳಿದೆವು. ಅದರ ಮೇಲೆ ಸಾವ್ವಾಸನ ಮೂಳೆಗಳನ್ನು, ಮಲಗಿದ ಮನುಷ್ಯನಲ್ಲಿ ಯಾವುದು ಎಲ್ಲಿರಬೇಕೋ ಅಲ್ಲಲ್ಲೇ, ಅವಳು ಜೋಡಿಸಿದಳು. ಸೊಂಟಕ್ಕೆ ಸೇರುವ ತೊಡೆಯ ಮೂಳೆಯ ಗುಂಡನ್ನು ಕಡಲಾಳ ತಿಂದು ಹಾಕಿತ್ತು, ಯಾರಿಗೂ ಗುರುತು ಸಿಗದ ಹಾಗೆ ಅದನ್ನು ಕೆಳಮುಖವಾಗಿ ಇಟ್ಟಳು. ಒದ್ದೆ ಮಣ್ಣು ಬಳಿದು, ಮೇಲೆ ಮುಚ್ಚಿ, ಗುದ್ದಲಿ ತೊಳೆದು ಮನೆಗೆ ಹೋದೆವು. ಊಟ ಬಡಿಸುವಾಗ ನನ್ನ ಗಂಡ ಮುಖ ಯಾಕೆ ಕೆಂಪಾಗಿದೆ ಎಂದು ಕೇಳಿದರು. ಬಿಸಿಲು ತಗಲಿದೆ ಎಂದೆ.

ಮರುದಿನ ಇಡೀ ಊರು ಬಂತು. ಸಾಮಾನ್ಯವಾಗಿ ಮನೆಯವರಷ್ಟೇ ಬರುತ್ತಾರೆ, ಆದರೆ ಅವತ್ತು ಮಣ್ಣು ಏನು ಹೇಳುತ್ತದೆಂದು ಎಲ್ಲರಿಗೂ ಕೇಳಬೇಕಿತ್ತು. ಕ್ಲಿಯಾಂಥಿಸ್ ಬಿಳಿ ಅಂಗಿ ತೊಟ್ಟು ಮುಂದೆಯೇ ನಿಂತಿದ್ದ. ಸೆವಸ್ತಿ ಅಗೆದಳು. ಮೊದಲು ತಲೆಬುರುಡೆ ಎತ್ತಿ, ವೈನು ಹುಯ್ದು, ಬಿಳಿ ವಸ್ತ್ರದಲ್ಲಿ ಹಣೆಯಷ್ಟೇ ಕಾಣುವ ಹಾಗೆ ಸುತ್ತಿ ಎತ್ತಿ ಹಿಡಿದಳು. ಹಳದಿ ಅಂದರೆ ಹಳದಿ, ಮೇಣದ ಹಾಗೆ. ಗುಂಪಿನಲ್ಲಿ ಒಂದು ನಿಟ್ಟುಸಿರು ಹೊರಟಿತು. ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು. ಚೀಲ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಸೆವಸ್ತಿ ಎಲ್ಲರ ಮುಖ ನೋಡುತ್ತಿದ್ದಳು. ಅವಳು ಏನನ್ನು ಕಾಯುತ್ತಿದ್ದಾಳೆಂದು ನನಗೊಬ್ಬಳಿಗೆ ಗೊತ್ತಿತ್ತು. ಥೆಮೆಲಿಸ್ ತಪ್ಪು ಮಾಡಿರಲಿಲ್ಲ, ನಾವೇ ತಪ್ಪು ತಿಳಿದೆವು ಎಂದು ಯಾರಾದರೊಬ್ಬರು ಹೇಳಬೇಕಿತ್ತು.

ಕ್ಲಿಯಾಂಥಿಸ್ ಮುಂದೆ ಬಂದು, ಬಾಗಿ, ಬುರುಡೆಗೆ ಮುತ್ತಿಟ್ಟ. ಅವನ ಕಣ್ಣಲ್ಲಿ ನೀರಿತ್ತು. "ದೇವರು ದೊಡ್ಡವನು ಸೆವಸ್ತಮ್ಮ. ಅಷ್ಟು ದೊಡ್ಡ ಪಾಪವನ್ನೂ ಕ್ಷಮಿಸಿಬಿಟ್ಟ. ನಾನೂ ಕ್ಷಮಿಸಿದ್ದೇನೆ."

"ದೇವರು ಕ್ಷಮಿಸಿದ," ಎಂದಿತು ಊರು. ಒಬ್ಬೊಬ್ಬರಾಗಿ ಬಂದು ಮುತ್ತಿಟ್ಟರು, ಒಬ್ಬೊಬ್ಬರೂ ಕ್ಷಮಿಸಿದರು. ನನ್ನ ಗಂಡನೂ ಅದನ್ನೇ ಸ್ವಲ್ಪ ರಾಗವಾಗಿ ಹೇಳಿದರು. ಮಾಡದ ತಪ್ಪಿಗೆ ಅಷ್ಟು ಜನ ಅಷ್ಟು ಪ್ರೀತಿಯಿಂದ ಕ್ಷಮಿಸುವುದನ್ನು ನಾನು ಅವತ್ತೇ ಮೊದಲು ಕಂಡದ್ದು. ಸೆವಸ್ತಿ ಗಂಡನ ತಲೆಯನ್ನು ಎದೆಗೊತ್ತಿಕೊಂಡು ಕಲ್ಲಾಗಿ ನಿಂತಿದ್ದಳು. ಕೊನೆಗೆ ಅವಳು ಒಂದೇ ಒಂದು ಕೇಳಿಕೊಂಡಳು, ಈ ಗುಂಡಿಯನ್ನು ನನಗೆ ಬಿಡಿ, ನನ್ನ ಸರದಿ ದೂರ ಇಲ್ಲ, ಮಗ ಮಲಗಿದ್ದಲ್ಲೇ ಮಲಗುತ್ತೇನೆ. ಒಳ್ಳೆಯತನ ಉಕ್ಕುತ್ತಿದ್ದ ಹೊತ್ತು, ಯಾರೂ ಇಲ್ಲವೆನ್ನಲಿಲ್ಲ.

ಅದಾಗಿ ಒಂದು ವಾರಕ್ಕೆ ಇಂಗರ್ ಬಂದಳು. ಮತ್ತೆ ಎದ್ದು ನಡೆಯುವುದಕ್ಕೇ ಅವಳಿಗೆ ಮೂರು ವರ್ಷ ಹಿಡಿದಿತ್ತು; ಕೋಲು ಹಿಡಿದು ದೋಣಿಯಿಂದ ಇಳಿದಳು, ಕೂದಲೆಲ್ಲ ಬೆಳ್ಳಗಾಗಿತ್ತು. ಗುಹೆಯ ಹತ್ತಿರ ಗಂಡನಿಗೆ ಹೂವು ಬಿಡಬೇಕು ಎಂದಳು. ಆಮೇಲೆ, "ಆ ಹುಡುಗನ ಅಮ್ಮ ಎಲ್ಲಿ?" ಎಂದಳು. ಸೆವಸ್ತಿಯನ್ನು ನನ್ನ ಅಡುಗೆಮನೆಗೆ ಕರೆಸಿದೆ. ಇಂಗರ್ ನಮ್ಮ ಭಾಷೆಯಲ್ಲೇ, ಮುರುಕು ಮುರುಕಾಗಿ ಹೇಳಿದಳು.

"ನಿಮ್ಮ ಮಗ ಬೇಡ ಅಂದ. ಗಾಳಿ ಕೆಟ್ಟದ್ದು, ನಾಳೆ ಹೋಗೋಣ ಅಂದ. ನಾವು ಸರಿ ಅಂದೆವು. ಆಗ ಯಜಮಾನ ಬಂದ. ತುಂಬಾ ಕೂಗಿದ. ಹೋಗ್ತೀಯೋ ಕೀಲಿ ಕೊಟ್ಟು ಮನೆಗೆ ನಡೀತೀಯೋ ಅಂದ. ಅಷ್ಟು ನನಗೆ ಅರ್ಥ ಆಯ್ತು. ನಾವೇ ಬೋಟಿಂದ ಇಳಿದುಬಿಡಬೇಕಿತ್ತು. ಇಳಿಯಲಿಲ್ಲ." ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೋಟಲ್ಲಿ ಜಾಕೆಟ್ ಒಂದೇ ಇತ್ತು. ಅದು ಅವನದು. ಅವನೇ ನನಗೆ ಕಟ್ಟಿದ. ಕಟ್ಟುವಾಗ ನಗ್ತಾ ಇದ್ದ, ರಾಜಕುಮಾರಿ ಅಂದ."

"ಅವನು ಕುಡಿದಿದ್ದನಾ?" ಸೆವಸ್ತಿ ಕೇಳಿದಳು.

"ಕುಡಿದಿದ್ದನಾ? ಇಲ್ಲ. ನಮಗೆ ನಿಂಬೆ ಶರಬತ್ತು ಕೊಟ್ಟ. ಹಬ್ಬದಲ್ಲೂ ಅದನ್ನೇ ಕುಡಿದೆ, ಬೆಳಿಗ್ಗೆ ಕೆಲಸ ಇತ್ತಲ್ಲ ಅಂದ."

ಸೆವಸ್ತಿ ಎದ್ದು ಅವಳ ಎರಡೂ ಕೈಗೆ ಮುತ್ತಿಟ್ಟಳು. ನಾನು ಇಂಗರಳ ತೋಳು ಹಿಡಿದು ನೇರ ಕಾಫಿ ಅಂಗಡಿಗೆ ಕರೆದುಕೊಂಡು ಹೋದೆ. ಊರಿನ ಗಂಡಸರೆಲ್ಲ ಅಲ್ಲೇ ಇದ್ದರು, ಕ್ಲಿಯಾಂಥಿಸನೂ ಇದ್ದ. ಅವಳು ಅದನ್ನೇ ಮತ್ತೆ ಹೇಳಿದಳು. ಅವರು ಕಾಫಿ ಹೀರುತ್ತಲೇ ಇದ್ದರು.

ಕ್ಲಿಯಾಂಥಿಸ್ ಅವಳಿಗೆ ಕುರ್ಚಿ ಎಳೆದು ಕಾಫಿ ತರಿಸಿದ. "ಪಾಪ, ತಲೆಗೆ ಪೆಟ್ಟಾಗಿತ್ತು" ಎಂದು ಉಳಿದವರಿಗೆ ಮೆಲ್ಲಗೆ ಹೇಳಿದ.

"ಇರಲಿ ಪಾದ್ರಿಯಮ್ಮ" ಎಂದ ಊರಿನ ಹಿರಿಯನೊಬ್ಬ. "ಆಗಿದ್ದು ಆಗಿಹೋಯ್ತು. ಮೂಳೆ ಚಿನ್ನದ ಹಾಗೆ ಬಂತು, ಎಲ್ಲರೂ ಕ್ಷಮಿಸಿ ಮುತ್ತಿಟ್ಟೆವು. ತೀರಿದ ವಿಷಯವನ್ನು ಮತ್ತೆ ಯಾಕೆ ಅಗೀತೀರಿ?"

ಸೆವಸ್ತಿ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಇಬ್ಬರೂ ಅವಳ ಮನೆಗೆ ನಡೆದೆವು. ಅವಳ ಮನೆಯ ಮೆಟ್ಟಿಲ ಮೇಲೆ ಕುಳಿತ ಮೇಲೆ ಹೇಳಿದಳು, "ಒಂದು ವಾರ, ಪಾದ್ರಿಯಮ್ಮ. ಒಂದು ವಾರ ನಾನು ಶಾಪ ಬಿತ್ತು ಅನ್ನಿಸಿಕೊಂಡು ತಡೆದುಕೊಂಡಿದ್ದರೆ ಸಾಕಿತ್ತು. ಅವರು ಹೆದರಿಕೊಂಡು ಈ ಹೆಂಗಸಿನ ಮಾತು ಕೇಳ್ತಿದ್ದರು, ಇವನಿಗೆ ಅನ್ಯಾಯ ಆಗಿದೆ, ಅದಕ್ಕೇ ಮಣ್ಣಾಗಿಲ್ಲ ಅಂತಿದ್ದರು. ನನ್ನ ಮಗನ ಬಾಯಿ ನಾನೇ ಮುಚ್ಚಿದೆ, ಅವನಪ್ಪನ ಮೂಳೆಯಿಂದ."

"ಈಗಲೂ ಹೇಳೋಣ ಅಕ್ಕ."

"ಬೇಡ. ಕಳ್ಳಿ ಅಂತ ನನ್ನನ್ನು ಹಿಡೀತಾರೆ, ಅವನ ಮಾತು ಅಲ್ಲಿಗೆ ಸತ್ತೇ ಹೋಗುತ್ತೆ. ನಾನು ಇರೋ ತನಕ ನಿನ್ನ ಬಾಯಿಂದ ಬರಬಾರದು."

ಆಮೇಲೆ ಅವಳು ಹೆಚ್ಚು ದಿನ ಬದುಕಲಿಲ್ಲ. ದೇಗುಲದ ಬೀಗದ ಕೈಯನ್ನು ವಾಪಸು ಕೊಟ್ಟಳು. ಭಾನುವಾರಗಳಂದು ಮೂಳೆಮನೆಗೆ ಹೋಗಿ, ಮಗನ ಹೆಸರು ಬರೆದು ಗಂಡನನ್ನು ಇಟ್ಟ ಪೆಟ್ಟಿಗೆಗೊಂದು, ಗಂಡನ ಹೆಸರಿನ ಖಾಲಿ ಪೆಟ್ಟಿಗೆಗೊಂದು ದೀಪ ಹಚ್ಚುವಳು. ಆಮೇಲೆ ಇಳಿಜಾರಿಗೆ ಬಂದು ಬರಿಯ ನೆಲಕ್ಕೆ ಮೂರನೆಯದು. ನೋಡಿದವರು ಮುದುಕಿಗೆ ಅರಳುಮರುಳು ಎಂದರು. ಎರಡನೆಯ ಚಳಿಗಾಲದಲ್ಲಿ ಎದೆ ಕಟ್ಟಿ ಮಲಗಿದಳು. ಬಾರ್ಲಿ ಗಂಜಿ ಕುಡಿಸಲು ಹೋದಾಗ ನನ್ನ ಮಣಿಕಟ್ಟು ಹಿಡಿದಳು.

"ನನ್ನನ್ನು ಹತ್ತಿಯಲ್ಲೇ ಸುತ್ತು. ಮೇಲೆಯೇ ಹೂಳಿಸು, ಅವನಿಗೆ ಗುದ್ದಲಿ ತಾಗದ ಹಾಗೆ. ಮೂರು ವರ್ಷ ಆದಮೇಲೆ ನನ್ನನ್ನು ಎತ್ತೋಳು ನೀನೇ. ಆಗ ನಾಚಿಕೆ ಪಡೋಕೆ ನನಗೆ ಮುಖ ಇರಲ್ಲ. ನಿನಗೆ ಸರಿ ಕಂಡದ್ದು ಮಾಡು."

ಹತ್ತಿಯಲ್ಲೇ ಸುತ್ತಿದೆ, ಅವತ್ತು ಮಡಿಕೆ ಬಿಚ್ಚದೆ ಉಳಿದಿದ್ದ ಹಾಸಿನ ಅರ್ಧದಲ್ಲಿ. ಇನ್ನರ್ಧ ನನ್ನ ಪೆಟ್ಟಿಗೆಯಲ್ಲಿಟ್ಟೆ. ಅಗೆಯುವವರಿಗೆ ಕೆಳಗೆ ಬಂಡೆಯಿದೆ ಎಂದು ಹೇಳಿ ಗುಂಡಿ ಆಳವಾಗದ ಹಾಗೆ ನಿಲ್ಲಿಸಿದೆ.

ಈ ವರ್ಷ ಅವಳ ಅವಧಿಯೂ ಮುಗಿಯಿತು. ಇನ್ನೂ ದಿನ ಗೊತ್ತು ಮಾಡಿರಲಿಲ್ಲ. ಮೊನ್ನೆ ಗುರುವಾರ ಕ್ಲಿಯಾಂಥಿಸ್ ಸತ್ತ. ಊಟದ ಮೇಜಿನಲ್ಲಿ ಕುಳಿತವನು ಏಳಲಿಲ್ಲ, ಅಂಥ ಸುಖದ ಸಾವು. ಇಳಿಜಾರಿನಲ್ಲಿ ಅವಧಿ ತುಂಬಿದ ಗುಂಡಿ ಒಂದೇ ಒಂದು. ಅವನ ಮಗ ಮರುದಿನ ಬೆಳಿಗ್ಗೆಯೇ ಬಾಗಿಲಿಗೆ ಬಂದ. "ಪಾದ್ರಿಯಮ್ಮ, ಸೆವಸ್ತಜ್ಜಿಯನ್ನು ಇವತ್ತೇ ಎತ್ತಿಬಿಡಿ. ಸಂಜೆ ಅಪ್ಪನನ್ನು ಅಲ್ಲಿ ಇಡ್ತೀವಿ. ಜಾಗವೂ ಚೆನ್ನಾಗಿದೆ, ಕಡಲು ಕಾಣುತ್ತೆ."

ಆಯಿತು ಎಂದೆ. ಪೆಟ್ಟಿಗೆ ತೆರೆದು ಹಾಸಿನ ಅರ್ಧವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. ಅಡುಗೆಮನೆಯ ಕತ್ತರಿಯನ್ನೂ ತೆಗೆದುಕೊಂಡೆ.

ಕ್ಲಿಯಾಂಥಿಸನ ಸಾವಿಗೆ ಬಂದ ಊರೆಲ್ಲ ಕೈಕಟ್ಟಿ ಸುತ್ತ ನಿಂತಿತ್ತು. ನಾನು ಅಗೆದೆ. ಸೆವಸ್ತಿ ಬಂದಳು, ಒಂದೊಂದೇ ಮೂಳೆ, ಪುಟ್ಟ ಪುಟ್ಟದು, ಹಳದಿ. ಅವಳ ಅಗಲ ಅಂಗೈಯ ಮೂಳೆಗಳನ್ನು ವೈನಿನಲ್ಲಿ ತೊಳೆಯುವಾಗ ನನಗೆ ತಡೆಯಲಾಗಲಿಲ್ಲ, ಜೋರಾಗಿ ಅತ್ತೆ. ಜನ ಶಿಲುಬೆ ಗುರುತು ಹಾಕಿದರು. ಎಲ್ಲ ತೊಳೆದು ವಸ್ತ್ರದ ಮೇಲೆ ಹರಡಿ, ಮತ್ತೆ ಗುಂಡಿಗೆ ಇಳಿದು ಗುದ್ದಲಿ ಎತ್ತಿಕೊಂಡೆ.

"ಸಾಕು ಪಾದ್ರಿಯಮ್ಮ" ಎಂದ ಕ್ಲಿಯಾಂಥಿಸನ ಮಗ. "ಅಜ್ಜಿ ಪೂರ್ತಿ ಬಂದಾಯ್ತಲ್ಲ. ಇನ್ನೇನು ಅಗೀತಿದ್ದೀರಿ?"

"ಇನ್ನೊಬ್ಬ ಇದ್ದಾನೆ."

"ಕಲ್ಲಿಯೋಪಿ," ಎಂದರು ನನ್ನ ಗಂಡ. ಎಷ್ಟೋ ವರ್ಷದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಬಂತು. "ಮೇಲೆ ಬಾ."

ನಾನು ಹೋಗಲಿಲ್ಲ. ಒಂದು ಮೊಳ ಮಣ್ಣು, ಅಷ್ಟೆ. ಕೈಯಲ್ಲೇ ಸರಿಸಿದೆ. ಕಪ್ಪು ಪ್ಲಾಸ್ಟಿಕ್ ಮಿನುಗಿತು. ಮೇಲೆ ನಿಂತವರ ಉಸಿರು ನಿಂತದ್ದು ನನಗೆ ಕೇಳಿಸಿತು.

"ಇವನು ಥೆಮೆಲಿಸ್" ಎಂದೆ. "ನೀವೆಲ್ಲ ಸಾಲಾಗಿ ಬಂದು ಮುತ್ತಿಟ್ಟು ಕ್ಷಮಿಸಿದಿರಲ್ಲ, ಅದು ಇವನಪ್ಪ ಸಾವ್ವಾಸನ ತಲೆ. ಪಾಪ, ಅವನು ಹಾಸಿಗೆ ಬಿಟ್ಟು ಏಳಲಾರದೆ ಸತ್ತವನು. ಇವನನ್ನು ನೀವು ಕ್ಷಮಿಸಿಲ್ಲ. ಕ್ಷಮಿಸೋಕೆ ಇವನು ಏನೂ ಮಾಡಿಲ್ಲ. ಹೋಗಲ್ಲ ಅಂದವನನ್ನು ಕಳಿಸಿದ್ದು ಯಾರು ಅಂತ ಆ ಹೆಂಗಸು ಬಂದು ಹೇಳಿದಾಗ ನೀವೆಲ್ಲ ಕಾಫಿ ಕುಡೀತಾ ಇದ್ದಿರಿ. ಈಗ ಕೇಳಿಸಿಕೊಳ್ಳಿ."

"ಮಣ್ಣಾಗಿಲ್ಲ" ಎಂದಳು ಯಾರೋ ಒಬ್ಬಳು, ಹೆದರಿದ ಧ್ವನಿಯಲ್ಲಿ.

"ನೀವು ಆಗೋಕೆ ಬಿಟ್ಟರೆ ತಾನೆ."

ಯಾರೂ ಹತ್ತಿರ ಬರಲಿಲ್ಲ, ಯಾರೂ ಹೋಗಲೂ ಇಲ್ಲ. ಕತ್ತರಿಯಿಂದ ಚೀಲವನ್ನು ತಲೆಯಿಂದ ಪಾದದ ತನಕ ಸೀಳಿದೆ. ಏನು ಕಂಡೆ ಎಂದು ಹೇಳುವುದಿಲ್ಲ; ಅವನು ನನ್ನ ಅಡುಗೆಮನೆಯ ಹುಡುಗ, ಅಷ್ಟು ಸಾಕು. ಉಳಿದ ವೈನೆಲ್ಲ ಅವನ ಮೇಲೆ ಹುಯ್ದೆ. ಅವನಮ್ಮ ತಂದ ಹಾಸಿನಲ್ಲಿ ಸುತ್ತಿದೆ. ಅರ್ಧ ಹಾಸು ಪಾದಕ್ಕೆ ಸಾಲಲಿಲ್ಲ, ಆಗ ನನ್ನ ತಲೆವಸ್ತ್ರ ಬಿಚ್ಚಿ ಸುತ್ತಿದೆ. ಪ್ಲಾಸ್ಟಿಕ್ಕನ್ನು ಎಳೆದು ಹೊರಗೆ, ಅವರ ಕಾಲ ಬಳಿ ಎಸೆದೆ.

ಗುಂಡಿಯಿಂದ ಮೇಲೆ ಬಂದು ಮಣ್ಣು ಎಳೆಯತೊಡಗಿದೆ. ಕ್ಲಿಯಾಂಥಿಸನ ಮಗ ಬೆಳ್ಳಗೆ ಬಿಳಿಚಿಕೊಂಡು ನಿಂತಿದ್ದ. "ಸಂಜೆ ಅಪ್ಪನನ್ನು ಎಲ್ಲಿ ಇಡೋದು?" ಎಂದು ಮಗುವಿನ ಹಾಗೆ ಕೇಳಿದ.

"ನನಗೆ ಗೊತ್ತಿಲ್ಲಪ್ಪ" ಎಂದೆ. "ಈ ಗುಂಡಿ ಇನ್ನು ಮೂರು ವರ್ಷ ಖಾಲಿ ಇಲ್ಲ."